ಒಂದು ಹೆಬ್ಬಾತಿಗೆ ಹೋದ ಕೈ

ಪಾಪಗಳಲ್ಲೂ ಮೇಲುಕೀಳು ಇದೆ ಎಂಬುದು ನಮ್ಮ ಮೈನ್ಜ್ ಊರಿನ ಹೆಂಗಸರ ಗಟ್ಟಿ ನಂಬಿಕೆ. ಆದ್ದರಿಂದ ಆ ಸೋಮವಾರ ಬೆಳಿಗ್ಗೆ ರೊಟ್ಟಿಯಂಗಡಿಯ ಮೆಟ್ಸೆ ಎರಡು ಹಾಳೆಗಳನ್ನು ಹಿಡಿದು ಲಿಪಿಕಾರ ಡೀಲ್ಮನ್ನನ ಮನೆಗೆ ನುಗ್ಗಿದಾಗ ಅವಳ ಮುಖ ಒಲೆಯಿಂದ ಆಗತಾನೆ ತೆಗೆದ ರೊಟ್ಟಿಯ ಹಾಗೆ ಕೆಂಪಗೆ ಊದಿಕೊಂಡಿತ್ತು.

"ಇದೇನ್ ನ್ಯಾಯ ಡೀಲ್ಮನ್ನಯ್ಯಾ?" ಎಂದು ಅವನ ಗಂಜಿಯ ಬಟ್ಟಲಿನ ಪಕ್ಕದಲ್ಲೇ ಹಾಳೆಗಳನ್ನು ಬಡಿದಳು. "ಇದು ನನ್ನ ಪಾಪಕ್ಷಮೆ ಪತ್ರ. ಇದು ಆ ಮೀನಿನ ಗ್ರೇಡೆಯದು. ನೋಡಿ ಕೊಡ್ತೀನಿ ಅಂತ ಇಸ್ಕೊಂಡ್ ಬಂದೆ. ಅವಳಿಗೂ ಅದೇ, ನನಗೂ ಅದೇ! ಒಂದು ಗೀಟು ಹೆಚ್ಚಿಲ್ಲ, ಒಂದು ಚುಕ್ಕೆ ಕಡಿಮೆ ಇಲ್ಲ. ಅವಳು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಕೊಳೆತ ಮೀನು ತಿನ್ನಿಸಿದಾಳೆ. ನಾನೇನ್ ಮಾಡಿದೀನಿ? ಉಪವಾಸದ ದಿನ ಒಂದೇ ಒಂದ್ಸಲ ಬೆಣ್ಣೆ ಮುಟ್ಟಿದೀನಿ. ಅವಳಿಗೂ ನನಗೂ ಒಂದೇ ಕಾಗದಾನಾ?"

"ಅಮ್ಮಾ, ಪತ್ರ ಮಾರೋ ಪಾದ್ರಿಗಳನ್ನ ಕೇಳು. ನನಗೂ ಅದಕ್ಕೂ ಏನು ಸಂಬಂಧ?"

"ಬರೆದೋರು ನೀವು, ಪಾದ್ರಿನ ಕೇಳ್ಬೇಕಾ?"

ಡೀಲ್ಮನ್ ನಕ್ಕು, ಹಾಳೆಯ ಕಡೆ ಕಣ್ಣು ಹಾಯಿಸಿದ. ಬಾಯಿಯ ತನಕ ಬಂದಿದ್ದ ಚಮಚ ಅಲ್ಲೇ ನಿಂತಿತು. ಬರಹ ಅವನದೇ!

ಅನುಮಾನಕ್ಕೆ ಜಾಗವೇ ಇರಲಿಲ್ಲ. ಡೀಲ್ಮನ್ನನ ಬಲಗೈ ಹೆಬ್ಬೆರಳು ಹದಿನಾಲ್ಕನೇ ವಯಸ್ಸಿನಲ್ಲಿ ನೆಲಮಾಳಿಗೆಯ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಅಂದಿನಿಂದ ಅವನು ಬರೆಯುವ 'ಜಿ' ಅಕ್ಷರದ ಬಾಲ ಹಂದಿಮರಿಯ ಬಾಲದ ಹಾಗೆ ಮೇಲಕ್ಕೆ ಸುತ್ತಿಕೊಳ್ಳುತ್ತಿತ್ತು. ರೈನ್ ನದಿಯ ಎರಡು ದಂಡೆಗಳಲ್ಲೂ ಅಂಥ ಬಾಲ ಬರೆಯುವವರು ಇನ್ನೊಬ್ಬರಿರಲಿಲ್ಲ. ಅದೇ ಅವನ ಹೆಸರು, ಅದೇ ಅವನ ಅನ್ನ. ಈಗ ಅಂಥ ಬಾಲಗಳು ಮೆಟ್ಸೆಯ ಹಾಳೆಯಲ್ಲಿ ಹನ್ನೊಂದು, ಗ್ರೇಡೆಯ ಹಾಳೆಯಲ್ಲಿ ಹನ್ನೊಂದು. ಅವನಾದರೋ ಇಂಥ ಒಂದು ಪತ್ರವನ್ನೂ ಬರೆದವನಲ್ಲ.

ಅಡಿಗೆಮನೆಯಿಂದ ಹೆಂಡತಿ ನೇಸೆ ಕೈ ಒರೆಸಿಕೊಳ್ಳುತ್ತ ಬಂದು ಭುಜದ ಮೇಲಿನಿಂದ ಬಗ್ಗಿ ನೋಡಿದಳು.

"ನನಗೆ ಓದಕ್ಕೆ ಬರಲ್ಲ. ಆದ್ರೆ ಆ ಹಂದಿಬಾಲ ಗುರುತು ಹಿಡಿಯಕ್ಕೆ ಬರುತ್ತೆ. ಮದುವೆಗೆ ಮುಂಚೆ ನೀವು ಕಳಿಸ್ತಿದ್ದ ಓಲೆಯಲ್ಲೆಲ್ಲ ಇದೇ ಇರ್ತಿತ್ತು. ಎಲ್ಲಿ ಕೂತು ಬರೀತಿದೀರ್ರೀ ಇದನ್ನೆಲ್ಲ? ಯಾರ ಮನೇಲಿ?"

"ನಾನು ಬರೆದಿಲ್ಲ ಕಣೇ!"

"ಮತ್ತೆ ನಿಮ್ಮ ಕೈ ತಾನಾಗೇ ಎದ್ದು ಹೋಗಿ ಬರ್ಕೊಂಡ್ ಬಂತಾ?"

ಬೇರೆ ದಿನವಾಗಿದ್ದರೆ ಕೂತು ಯೋಚಿಸುತ್ತಿದ್ದನೋ ಏನೋ, ಆದರೆ ಅಂದು ಅವನಿಗೆ ಸಮಯವಿರಲಿಲ್ಲ. ಬೆಟ್ಟದ ಮಠದ ಕೀರ್ತನೆ ಪುಸ್ತಕ ಯಾರಿಗೆ ಎಂಬುದು ಅಂದು ಬೆಳಿಗ್ಗೆ ಲಿಪಿಕಾರರ ಕೂಟದಲ್ಲಿ ತೀರ್ಮಾನವಾಗಬೇಕಿತ್ತು. ಕರುವಿನ ತೊಗಲಿನ ಮುನ್ನೂರು ಹಾಳೆ, ನಾಲ್ಕು ವರ್ಷದ ಕೆಲಸ. ಮಠದ ಸನ್ಯಾಸಿನಿಯರ ಮುಖ್ಯಸ್ಥೆ ದೊಡ್ಡಮ್ಮನವರು "ಆ ಬಾಲದ ಕೈಯಲ್ಲೇ ಬೇಕು" ಎಂದು ಹೇಳಿಕಳಿಸಿದ್ದರಂತೆ. ಡೀಲ್ಮನ್ನನಿಗೆ ಐವತ್ತೊಂದು ವರ್ಷ, ಕಣ್ಣು ಇನ್ನು ನಾಲ್ಕೈದು ವರ್ಷ ತಡೆದರೆ ಪುಣ್ಯ. ಸಾಯುವ ಮುಂಚೆ ಒಂದು ದೊಡ್ಡ ಪುಸ್ತಕ ಬರೆದು, ಅದರ ಕೊನೆಯಲ್ಲಿ ತನ್ನ ಹೆಸರು ಹಾಕಬೇಕೆಂಬುದು ಅವನ ಒಂದೇ ಆಸೆ. ಹದಿನೆಂಟು ವರ್ಷ ಅವನು ಇದಕ್ಕಾಗಿ ಕಾದಿದ್ದ.

ಗಂಜಿಯನ್ನು ಅಲ್ಲೇ ಬಿಟ್ಟು, ಗ್ರೇಡೆಯ ಹಾಳೆಯನ್ನು ಅಂಗಿಯೊಳಗೆ ತುರುಕಿ, ಗರಿ, ಮಸಿಕೊಂಬು, ಚೂರಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟ.

ದಾರಿಯೇನು ಸುಮ್ಮನೆ ಬಿಡುತ್ತದೆಯೇ? ಹಜಾಮ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಓಡಿಬಂದ. "ಸ್ವಾಮೀ, ಪತ್ರವನ್ನೆಲ್ಲ ಮುತ್ತು ಪೋಣಿಸಿದ ಹಾಗೆ ಬರೆದಿದೀರಿ. ನನ್ನ ಹೆಸರು ಬರೋ ಜಾಗ ಮಾತ್ರ ಯಾಕೆ ಖಾಲಿ ಬಿಟ್ರಿ? ಅದನ್ನ ಯಾರೋ ಕೋಳಿ ಕೆದರಿದ ಹಾಗೆ ತುಂಬಿದಾನೆ. ದೇವರಿಗೆ ಓದಕ್ಕಾಗದೇ ಹೋದ್ರೆ?" ಪೀಪಾಯಿ ಮಾಡುವವನು ದೂರದಿಂದಲೇ ಟೊಪ್ಪಿಗೆ ತೆಗೆದು, "ನನ್ನ ಅತ್ತೆಗೂ ನಿಮ್ಮ ಕೈಯಿಂದಲೇ ಸ್ವರ್ಗ ಆಯ್ತು ಬುದ್ಧೀ" ಎಂದ. ಒಬ್ಬನಾದರೂ "ನೀನು ಬರೆದೆಯಾ?" ಎಂದು ಕೇಳಲಿ! ಇಲ್ಲ. ನಮ್ಮ ಊರಿನವರಿಗೆ ಪ್ರಶ್ನೆ ಕೇಳುವ ಅಭ್ಯಾಸವಿಲ್ಲ, ಉತ್ತರ ಹೇಳುವ ಅಭ್ಯಾಸ ಮಾತ್ರ ಇದೆ.

ಚರ್ಚಿನ ಮುಂದೆ ಪತ್ರ ಮಾರುವ ಪಾದ್ರಿಯ ಮೇಜು. ಮೇಜಿನ ಮುಂದೆ ಸಾಲು. ಪಾದ್ರಿಯ ಪಕ್ಕದಲ್ಲಿ ಕೂತು ಖಾಲಿ ಜಾಗಕ್ಕೆ ಹೆಸರು ತುಂಬುತ್ತಿದ್ದವನು ಯಾರೆಂದುಕೊಂಡಿರಿ? ಕೊಂಟ್ಸ್!

ಇವನ ವಿಷಯ ಇಲ್ಲಿ ಹೇಳಿಬಿಡಬೇಕು. ನಮ್ಮ ಲಿಪಿಕಾರರ ಕೂಟಕ್ಕೆ ಸೇರುವ ಪ್ರತಿಯೊಬ್ಬನೂ ಕೂಟದ ದೊಡ್ಡ ಪುಸ್ತಕದಲ್ಲಿ ತನ್ನ ಕೈಯಿಂದ ನಾಲ್ಕು ಸಾಲು ಬರೆದುಕೊಡಬೇಕು. ಆಮೇಲೆ ಆ ಕೈ, ಎಂದರೆ ಆ ಬರವಣಿಗೆಯ ಧಾಟಿ, ಅವನದು, ಇನ್ನೊಬ್ಬ ಅದನ್ನು ಬರೆಯಕೂಡದು. ಏಳು ವರ್ಷದ ಹಿಂದೆ ಕೊಂಟ್ಸ್ ಡೀಲ್ಮನ್ನನ ಕೈಯನ್ನು ಮೆಚ್ಚಿ ಮೆಚ್ಚಿ ಕೊನೆಗೆ ಅದನ್ನೇ ಬರೆಯತೊಡಗಿದ, ಬಾಲದ ಸಮೇತ. ಡೀಲ್ಮನ್ ಸುಮ್ಮನಿರಲಿಲ್ಲ. ಕೂಟದಲ್ಲಿ ಎದ್ದುನಿಂತು ಎದೆ ಬಡಿದುಕೊಂಡ. "ಕೈ ಕದಿಯೋದೂ ಒಂದೇ, ಹೆಂಡ್ತಿನ ಕದಿಯೋದೂ ಒಂದೇ!" ಎಂದು ಕೂಗಾಡಿದ. ಕೈ ಬದಲಾಯಿಸಿಕೊಳ್ಳಬೇಕೆಂದು ಕೊಂಟ್ಸ್‌ಗೆ ಅಪ್ಪಣೆಯಾಯಿತು. ಮೂವತ್ತೈದು ವರ್ಷದವನು ಹೊಸದಾಗಿ ಅಕ್ಷರ ಕಲಿಯುವುದೆಂದರೆ ಹುಡುಗಾಟವೇ? ಅಂದಿನಿಂದ ಅವನು ಬರೆದದ್ದು ಕೋಳಿ ಕೆದರಿದ ಹಾಗೇ ಇತ್ತು. ಹೆಸರು ತುಂಬುವ ಕೆಲಸಕ್ಕಿಂತ ದೊಡ್ಡದು ಅವನಿಗೆ ಸಿಗಲೂ ಇಲ್ಲ.

"ಕೊಂಟ್ಸ್, ಈ ಹಾಳೆಗಳು ಎಲ್ಲಿಂದ ಬರ್ತಿವೆ?" ಎಂದು ಡೀಲ್ಮನ್ ಮೇಜಿಗೆ ಕೈ ಊರಿ ಕೇಳಿದ.

"ನಿನ್ನನ್ನೇ ಕೇಳ್ಬೇಕು ಅಂತಿದ್ದೆ ಮಾರಾಯ! ಹತ್ತು ದಿನದಲ್ಲಿ ಮುನ್ನೂರ ನಲವತ್ತು ಪತ್ರ. ಹೆಂಗಯ್ಯಾ ಬರೆದೆ? ಸಂಜೆ ಗಂಟೆ ಆದ್ಮೇಲೂ ದೀಪ ಹಚ್ಕೊಂಡ್ ಕೂತಿದ್ಯಾ?"

ಇದನ್ನು ಕೊಂಟ್ಸ್ ಕೇಳಿದ್ದು ಮೆಲ್ಲಗೆ, ಹಲ್ಲು ಕಾಣುವ ಹಾಗೆ. ಸಂಜೆ ಗಂಟೆ ಹೊಡೆದ ಮೇಲೆ ಲಿಪಿಕಾರ ಗರಿ ಮುಟ್ಟಕೂಡದು ಎಂಬುದು ಕೂಟದ ಮೊದಲ ಕಟ್ಟಳೆ. ಮುರಿದವನಿಗೆ ಒಂದು ವರ್ಷ ಯಾವ ಕೆಲಸವೂ ಸಿಗುವುದಿಲ್ಲ. ಡೀಲ್ಮನ್ ಬಾಯಿ ತೆರೆಯುವ ಮುಂಚೆಯೇ ಕೊಂಟ್ಸ್ ನಾಲ್ಕು ಹಾಳೆ ಕಂಕುಳಲ್ಲಿ ಇಟ್ಟುಕೊಂಡು ಕೂಟದ ಕಡೆ ಹೊರಟಾಗಿತ್ತು.

ಕೂಟದ ಹಜಾರದಲ್ಲಿ ನಾವು ಮೂವತ್ತು ಜನ ಸೇರಿದ್ದೆವು. ಮಠದ ಪಾರುಪತ್ಯಗಾರ ಕಿಟಕಿಯ ಹತ್ತಿರ ಒಳ್ಳೆಯ ಕುರ್ಚಿಯಲ್ಲಿ ಕೂತಿದ್ದ. ಕೂಟದ ಯಜಮಾನ ಹಾರ್ಟ್‌ಮುಟ್ ಮುದುಕ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು. ಕೊಂಟ್ಸ್ ಕೊಟ್ಟ ಹಾಳೆಗಳನ್ನು ಅವನು ಕೂಟದ ಪುಸ್ತಕದ ಪಕ್ಕದಲ್ಲಿ ಇಟ್ಟು ನೋಡಿದ.

"ಕೈ ನಿನ್ನದೇ ಡೀಲ್ಮನ್."

"ನನ್ನದೇ. ಆದ್ರೆ ನಾನು ಬರೆದಿಲ್ಲ ಯಜಮಾನ್ರೇ."

"ಕೈ ನಿನ್ನದು, ಬರೆದೋನು ನೀನಲ್ಲ. ಹಲ್ಲು ನಿನ್ನದು, ಕಚ್ಚಿದೋನು ನೀನಲ್ಲ ಅಂದ ಹಾಗಾಯ್ತು."

ಎಲ್ಲರೂ ನಕ್ಕರು. ಡೀಲ್ಮನ್ನನ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಒಂದು ದಿನವೂ ಗಂಟೆ ಮೀರಿ ಗರಿ ಹಿಡಿದವನಲ್ಲ ಅವನು. ಸಾಲಿನ ನಡುವೆ ಗಂಟೆ ಹೊಡೆದರೆ ಶಬ್ದವನ್ನು ಅರ್ಧಕ್ಕೆ ಬಿಟ್ಟು ಏಳುವವನು. ಹಾಗೆ ಅರ್ಧಕ್ಕೆ ಬಿಟ್ಟ ಒಂದು 'ಆಮೆನ್' ಅವನಿಗೆ ರಾತ್ರಿಯೆಲ್ಲ ನಿದ್ದೆ ಕೆಡಿಸಿತ್ತು.

"ಒಂದು ಪತ್ರ ಬರೆಯಕ್ಕೆ ಎಷ್ಟು ಹೊತ್ತು ಬೇಕು ಅಂತ ನಿಮಗ್ಯಾರಿಗಾದ್ರೂ ಗೊತ್ತಾ?" ಎಂದು ಅಬ್ಬರಿಸಿದ. "ಮರಳುಗಡಿಯಾರ ತನ್ನಿ! ಇಲ್ಲೇ, ನಿಮ್ಮ ಕಣ್ಣೆದುರಿಗೇ ಬರೀತೀನಿ. ಹತ್ತು ದಿನದಲ್ಲಿ ಮುನ್ನೂರ ನಲವತ್ತು ಮನುಷ್ಯಮಾತ್ರದವನ ಕೈಲಿ ಆಗುತ್ತಾ ಅಂತ ನೀವೇ ಲೆಕ್ಕ ಹಾಕಿ!"

ಯಾರೂ ಕೇಳಿರಲಿಲ್ಲ. ತಾನೇ ಕೇಳಿಕೊಂಡ. ಸಿಟ್ಟು ಬಂದಾಗ ಮನುಷ್ಯನಿಗೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವುದರಲ್ಲಿ ಎಂಥ ಉತ್ಸಾಹ!

ಮರಳು ಸುರಿಯತೊಡಗಿತು. ಡೀಲ್ಮನ್ ಗರಿ ಕೊರೆದು, ಗೀಟು ಎಳೆದು, ಗ್ರೇಡೆಯ ಪತ್ರವನ್ನು ಮುಂದಿಟ್ಟುಕೊಂಡು ಬರೆಯಲು ಕೂತ. ಕೂತ ಮೇಲೆ ಸಿಟ್ಟು ಎಲ್ಲಿ ಹೋಯಿತೋ ಏನೋ. ಅವನು ಬರೆಯುವುದನ್ನು ನೋಡುವುದೇ ಒಂದು ಸುಖ. ಗರಿಯ ಸದ್ದು ಬಿಟ್ಟರೆ ಹಜಾರದಲ್ಲಿ ಇನ್ನೇನೂ ಕೇಳುತ್ತಿರಲಿಲ್ಲ. ಪಾರುಪತ್ಯಗಾರ ಕುರ್ಚಿಯಿಂದೆದ್ದು ಬಂದು ಬೆನ್ನ ಹಿಂದೆ ನಿಂತು, ಪ್ರತಿಯೊಂದು ಬಾಲಕ್ಕೂ "ಆಹಾ" ಎನ್ನುತ್ತಿದ್ದ. ಕೊನೆಗೆ ಹೆಸರಿನ ಜಾಗ ಬಂತು. ಖಾಲಿ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಖಾಲಿ ಜಾಗ ಕಂಡರೆ ಲಿಪಿಕಾರನ ಕೈ ಕಡಿಯುತ್ತದೆ. ಎದುರಿಗೆ ಕೊಂಟ್ಸ್ ಹಲ್ಲುಕಿರಿದು ನಿಂತಿದ್ದ. 'ತಗೋ, ನಿನ್ನ ಹೊಟ್ಟೆಕಿಚ್ಚಿನ ಪಾಪಕ್ಕೆ' ಎಂದು ಮನಸ್ಸಿನಲ್ಲೇ ಅಂದುಕೊಂಡು ಕೊಂಟ್ಸ್‌ನ ಪೂರ್ತಿ ಹೆಸರನ್ನು, ಅವನ ತಂದೆಯ ಹೆಸರು ಸಮೇತ, ಚಂದವಾಗಿ ಬರೆದುಬಿಟ್ಟ.

ಮರಳು ಮುಗಿಯಿತು. ಪತ್ರವೂ ಮುಗಿಯಿತು.

"ಗಂಟೆಗೆ ಒಂದು! ನೋಡಿದ್ರಾ?" ಎಂದ ಡೀಲ್ಮನ್.

"ನೋಡ್ದೆ," ಎಂದ ಕೊಂಟ್ಸ್. "ಹಗಲು ಹತ್ತು, ದೀಪದಲ್ಲಿ ಇನ್ನೊಂದು ಹತ್ತು. ಹತ್ತು ದಿನಕ್ಕೆ ಇನ್ನೂರು. ಉಳಿದ ನೂರ ನಲವತ್ತಕ್ಕೆ ಯಾರೋ ಕೈ ಜೋಡಿಸಿದಾರೆ. ಕೋಡಿದೆಯೋ ಬಾಲವಿದೆಯೋ, ನಾನು ಕಂಡಿಲ್ಲಪ್ಪ."

ಮೂರು ಜನ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಯಜಮಾನ ಹಾರ್ಟ್‌ಮುಟ್ ಡೀಲ್ಮನ್ನನಿಂದ ಒಂದು ಹೆಜ್ಜೆ ದೂರ ಸರಿದು, "ಅದೂ ಸರಿ" ಎಂದ. ಮಠದ ಪಾರುಪತ್ಯಗಾರ ತನ್ನ ಕುರ್ಚಿಗೆ ವಾಪಸು ಹೋಗಿ ಕೂತ.

ಡೀಲ್ಮನ್ ಹತಾಶನಾಗಿ ಎರಡು ಪತ್ರಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದ. ಬೆಳಕಿನಲ್ಲಿ ಎರಡೂ ಒಂದೇ ಪತ್ರದ ಹಾಗೆ ಕಂಡವು. ಮೂರನೆಯದನ್ನು ಇಟ್ಟ. ಅದೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂತುಕೊಂಡಿತು. ತಾನು ಆಗಷ್ಟೇ ಬರೆದ ಹಾಳೆಯನ್ನು ಇಟ್ಟ. ಅದು ಸಾಲು ಸಾಲಿಗೂ ಅಷ್ಟಿಷ್ಟು ಜಾರಿತು.

"ಇಲ್ಲಿ ಬನ್ನಿ!" ಎಂದು ಕಿರುಚಿದ. "ಇಲ್ಲಿ, ಐದನೇ ಸಾಲು. ಈ ಬಾಲ ನೋಡಿ. ತುದಿ ಮುಕ್ಕಾಗಿದೆ. ಈ ಹಾಳೆಯಲ್ಲೂ ಅಲ್ಲೇ ಮುಕ್ಕು. ಇದರಲ್ಲೂ ಅಲ್ಲೇ! ನಾನು ತಪ್ಪು ಮಾಡ್ತೀನಯ್ಯಾ, ಇಲ್ಲ ಅನ್ನಲ್ಲ. ಆದ್ರೆ ಒಂದೇ ತಪ್ಪನ್ನ ಒಂದೇ ಜಾಗದಲ್ಲಿ ಮುನ್ನೂರು ಸಲ ಮಾಡೋ ಶಿಸ್ತು ಯಾವ ಮನುಷ್ಯನಿಗಿದೆ? ಇದು ಬರೆದಿದ್ದಲ್ಲ. ಇದು ಒತ್ತಿದ್ದು. ಅಚ್ಚು, ಮುದ್ರೆಯುಂಗುರದ ಹಾಗೆ!"

ಉಂಗುರ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಅವನಿಗೆ ಅಕ್ಕಸಾಲಿಗ ವೀಗಾಂಡ್ ನೆನಪಾದ. ವೀಗಾಂಡ್ ನೆನಪಾದ ಕೂಡಲೇ ಹೆಬ್ಬಾತು ನೆನಪಾಯಿತು.

ಎರಡು ವರ್ಷದ ಹಿಂದೆ, ಸಂತ ಮಾರ್ಟಿನನ ಹಬ್ಬದ ಮುಂಚಿನ ವಾರ. ವೀಗಾಂಡ್ ಕಂಕುಳಲ್ಲಿ ಒಂದು ಕೊಬ್ಬಿದ ಹೆಬ್ಬಾತನ್ನು ಇರುಕಿಕೊಂಡು ಬಂದು, "ನಿಮ್ಮ ಕೈಯಲ್ಲಿ ಒಂದೊಂದೇ ಅಕ್ಷರ, ಬಿಡಿಬಿಡಿಯಾಗಿ ಬರೆದುಕೊಡಿ. ದೊಡ್ಡದು, ಚಿಕ್ಕದು, ಎಲ್ಲ" ಎಂದು ಕೇಳಿದ್ದ. ಎಲ್ಲೋ ಪೂಜೆಯ ಬಟ್ಟಲಿನ ಮೇಲೆ ಕೆತ್ತುವುದಕ್ಕಿರಬೇಕು ಎಂದುಕೊಂಡು ಡೀಲ್ಮನ್ ಒಂದು ಮಧ್ಯಾಹ್ನದಲ್ಲಿ ಬರೆದುಕೊಟ್ಟಿದ್ದ. ಹೆಬ್ಬಾತನ್ನು ನೇಸೆ ಸೇಬು ತುಂಬಿ ಹುರಿದಿದ್ದಳು. ಆ ರುಚಿ ಈಗಲೂ ನಾಲಗೆಯ ಮೇಲಿತ್ತು, ಅದೇ ಇನ್ನಷ್ಟು ಹೊಟ್ಟೆ ಉರಿಸಿತು.

"ನಡೀರಿ ವೀಗಾಂಡನ ಮನೆಗೆ!"

ಮೂವತ್ತು ಲಿಪಿಕಾರರು, ಯಜಮಾನ, ಪಾರುಪತ್ಯಗಾರ, ಎಲ್ಲರೂ ಹೊರಟೆವು. ಕೊಂಟ್ಸ್ ಮೇಜಿನ ಮೇಲಿದ್ದ ಹಾಳೆಗಳನ್ನೆಲ್ಲ ಜೋಪಾನವಾಗಿ ಎತ್ತಿಕೊಂಡು ಹಿಂದೆ ಬಂದ. ರೊಟ್ಟಿಯಂಗಡಿಯ ಮುಂದೆ ಹಾಯುವಾಗ ಮೆಟ್ಸೆಯೂ ಸೇರಿಕೊಂಡಳು. ಅವಳ ಹಿಂದೆ ಗ್ರೇಡೆ, "ನನ್ನ ಪತ್ರ ಎಲ್ಲೇ?" ಎಂದು ಕೂಗುತ್ತ.

ವೀಗಾಂಡ್ ಬಾಗಿಲು ತೆರೆದವನೇ ಸಂತೋಷದಿಂದ ಎರಡೂ ಕೈ ಚಾಚಿದ. ಕೈಗಳು ಮೊಣಕೈವರೆಗೆ ಕಪ್ಪಗಿದ್ದವು.

"ಬನ್ನಿ, ಬನ್ನಿ! ಎರಡು ವರ್ಷದಿಂದ ಗುಟ್ಟಾಗಿಟ್ಟು ಇಟ್ಟು ಸಾಕಾಗಿತ್ತು. ಈಗ ಕೆಲಸ ಕೈಗೂಡಿದೆ, ಅಪ್ಪಣೆಚೀಟಿಯೂ ಇದೆ. ಯಾರಿಗಾದ್ರೂ ತೋರಿಸೋಣ ಅಂದ್ರೆ ಹೆಂಡ್ತಿ ಕೂಡ ನೋಡಲ್ಲ ಅಂತಾಳೆ."

ಒಳಗೆ ದ್ರಾಕ್ಷಿ ಹಿಂಡುವ ಒತ್ತುಗಾಣದಂಥದೇ ಒಂದು ಮರದ ಗಾಣ. ಅದರಡಿಯಲ್ಲಿ ಸೀಸದ ಸಣ್ಣ ಸಣ್ಣ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಕಟ್ಟಿದ ಒಂದು ಹಲಗೆ. ಒಂದೊಂದು ತುಂಡಿನ ತಲೆಯ ಮೇಲೂ ಒಂದೊಂದು ಅಕ್ಷರ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ವೀಗಾಂಡ್ ಮಸಿಯ ಉಂಡೆಯಿಂದ ತಟ್ಟಿ, ಹಾಳೆ ಹೊದಿಸಿ, ಸನ್ನೆಕೋಲು ಎಳೆದ. ಗಾಣ ನರಳಿತು. ಹಾಳೆ ಎತ್ತಿದ. ಡೀಲ್ಮನ್ನನ ಕೈ! ಇನ್ನೊಂದು ಹಾಳೆ. ಡೀಲ್ಮನ್ನನ ಕೈ! ಮೂರನೆಯದನ್ನು ಎತ್ತುವ ಹೊತ್ತಿಗೆ ಹಿಂದೆ ನಿಂತಿದ್ದ ಒಬ್ಬ ಮುದಿ ಲಿಪಿಕಾರ ನೆಲದ ಮೇಲೆ ಕೂತುಬಿಟ್ಟ. ಒಂದು ಪತ್ರಕ್ಕೆ ಅವನಿಗೆ ಒಂದೂವರೆ ಗಂಟೆ ಬೇಕಾಗುತ್ತಿತ್ತು.

"ಕಳ್ಳಾ!" ಎಂದು ಡೀಲ್ಮನ್ ವೀಗಾಂಡನ ಅಂಗಿ ಹಿಡಿದ. "ನನ್ನ ಕೈಯನ್ನ ಕೇಳದೆ ತಗೊಂಡ್ಯಾ?"

"ಕೇಳಿದೆನಲ್ಲ ಸ್ವಾಮಿ! ಹೆಬ್ಬಾತೂ ತಂದ್ಕೊಟ್ಟೆ. ನೀವೂ ತಿಂದ್ರಿ." ವೀಗಾಂಡನಿಗೆ ನಿಜವಾಗಿಯೂ ಬೇಜಾರಾಗಿತ್ತು. "ಊರಲ್ಲಿರೋ ಕೈಗಳಲ್ಲೆಲ್ಲ ನಿಮ್ಮದೇ ಚಂದ ಅಂತ ಆರಿಸಿಕೊಂಡೆ. ಬಾಲ ಕೂಡ ಬಿಟ್ಟಿಲ್ಲ. ಆ ಬಾಲ ಸೀಸದಲ್ಲಿ ನಿಲ್ಲಿಸಕ್ಕೆ ನಾಲ್ಕು ತಿಂಗಳು ಒದ್ದಾಡಿದೀನಿ. ಕೃತಜ್ಞತೆ ಬೇಡವಾ?"

ಡೀಲ್ಮನ್ನನಿಗೆ ಅಂಗಿ ಬಿಡದೆ ಬೇರೆ ದಾರಿಯಿರಲಿಲ್ಲ. ಹೇಗೂ ತನ್ನ ಮೇಲಿನ ಆಪಾದನೆ ಕರಗಿತಲ್ಲ! ಯಜಮಾನನ ಕಡೆ ತಿರುಗಿ ಎದೆಯುಬ್ಬಿಸಿದ. "ನೋಡಿದ್ರಾ? ಗಂಟೆ ಮೀರಿಲ್ಲ, ದೀಪ ಹಚ್ಚಿಲ್ಲ, ಕೋಡಿನವನೂ ಬಂದಿಲ್ಲ. ಈಗ ಹೇಳಿ, ಕೀರ್ತನೆ ಪುಸ್ತಕ ಯಾರದು?"

"ನಿನ್ನದೇ ಕಣಪ್ಪ, ನಿನ್ನದೇ," ಎಂದ ಹಾರ್ಟ್‌ಮುಟ್. ಪಾರುಪತ್ಯಗಾರನೂ ತಲೆಯಾಡಿಸಿದ. ಅಷ್ಟು ಹೊತ್ತು, ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು, ನಮ್ಮ ಡೀಲ್ಮನ್ ಸುಖವಾಗಿದ್ದ.

ಕೆಡಿಸಿದವಳು ಮೆಟ್ಸೆ. "ಅಯ್ಯೋ, ಹಾಗಾದ್ರೆ ಇದನ್ನ ಮನುಷ್ಯರು ಬರೆದೇ ಇಲ್ವಾ? ದ್ರಾಕ್ಷಿಗಾಣದಲ್ಲಿ ಹಿಂಡಿರೋದಾ? ನನ್ನ ಪಾಪ ಹೋಯ್ತೋ ಇಲ್ವೋ?" ಎಂದು ಬೀದಿಯವರೆಗೆ ಕೇಳುವಂತೆ ಬೊಬ್ಬೆ ಹೊಡೆದಳು. ಗ್ರೇಡೆ ಅವಳಿಗಿಂತ ಜೋರಾಗಿ ಹೊಡೆದಳು. ಚರ್ಚಿನ ಮುಂದಿನ ಸಾಲು ಪೂರ್ತಿ ಇತ್ತ ಓಡಿಬಂತು. ಸಾಲಿನ ಹಿಂದೆ, ಪತ್ರ ಮಾರುವ ಪಾದ್ರಿ.

ಪಾದ್ರಿ ದಪ್ಪ ಮನುಷ್ಯ, ಏದುಸಿರು ಬಿಡುತ್ತಿದ್ದರೂ ಮಾತು ಮಾತ್ರ ತಣ್ಣಗಿತ್ತು. ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ಮಕ್ಕಳೇ, ಇದಕ್ಕೆ ಚರ್ಚಿನ ದೊಡ್ಡವರ ಅಪ್ಪಣೆ ಇದೆ. ಈ ಮನೆಯ ಗಾಣದಿಂದ ಬಂದ ಪತ್ರವೇ ಪತ್ರ. ಇದು ಬಿಟ್ಟು ಬೇರೆ ಎಲ್ಲಾದ್ರೂ ಯಾರಾದ್ರೂ ಈ ಪತ್ರ ಮಾಡಿದ್ರೆ ಅದು ಸುಳ್ಳು ಪತ್ರ. ಮಾಡಿದೋನು ಪಾಪಿ."

"ಹೌದಾ ಸ್ವಾಮಿ?" ಎಂದು ಕೊಂಟ್ಸ್ ವಿನಯದಿಂದ ಮುಂದೆ ಬಂದು, ಮಸಿಯ ಹೊಸ ಹೊಳಪು ಇನ್ನೂ ಮಾಸದ ಒಂದು ಹಾಳೆ ಚಾಚಿದ. "ಹಾಗಾದ್ರೆ ಇದು?"

ಪಾದ್ರಿ ಓದಿದ. ಇನ್ನೊಮ್ಮೆ ಓದಿದ. "ಇದರಲ್ಲಿ ಕೊಂಟ್ಸ್ ಅನ್ನೋನ ಪಾಪವೆಲ್ಲ ಮಾಫಿ ಅಂತಿದೆ. ಕೊಂಟ್ಸ್, ನೀನು ಪತ್ರ ತಗೊಂಡಿಲ್ಲವಲ್ಲ?"

"ಇಲ್ಲ ಸ್ವಾಮಿ. ಈ ಡೀಲ್ಮನ್ನಯ್ಯ ಬಿಟ್ಟಿಯಾಗಿ ಮಾಫಿ ಮಾಡಿಬಿಟ್ರು. ಮೂವತ್ತು ಜನ ಸಾಕ್ಷಿ ಇದಾರೆ. ಮರಳುಗಡಿಯಾರ ಇಟ್ಟು ಮಾಡಿದ್ರು."

"ಅದು... ಅದು ತೋರ್ಸಕ್ಕೆ ಬರೆದಿದ್ದು!" ಡೀಲ್ಮನ್ ಹಾಳೆಗೆ ಕೈಚಾಚಿದ. "ಮುದ್ರೆ ಕೂಡ ಹಾಕಿಲ್ಲ!"

"ಮುದ್ರೆ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿದ್ರೆ?" ಪಾದ್ರಿ ಅದನ್ನೂ ಗಾಣದ ಪಕ್ಕದ ರಾಶಿಯ ಒಂದು ಹಾಳೆಯನ್ನೂ ಅಕ್ಕಪಕ್ಕ ಹಿಡಿದು ಜನರಿಗೆ ತೋರಿಸಿದ. "ನೋಡಿ, ನಿಜದ್ದು ಯಾವುದು, ಸುಳ್ಳಿಂದು ಯಾವುದು ಹೇಳಿ."

ಯಾರಿಗೂ ಹೇಳಲಾಗಲಿಲ್ಲ. ಹಜಾಮ ಸುಳ್ಳಿನ ಪತ್ರವನ್ನೇ ತೋರಿಸಿ, "ಇದು ನಿಜದ್ದು, ಹೆಸರೂ ಚೆನ್ನಾಗಿದೆ" ಎಂದ.

"ಕೇಳಿದ್ರಾ! ಈ ಮನುಷ್ಯ ಈ ಕೈಯಲ್ಲಿ ಬರೀತಾ ಇದ್ರೆ ನಾಳೆ ಮನೆಮನೆಯಲ್ಲೂ ಕ್ಷಮಾಪತ್ರ. ಯಜಮಾನ್ರೇ, ಈ ಕೈ ನಿಲ್ಲಬೇಕು."

"ಇದು ನನ್ನ ಕೈ!" ಡೀಲ್ಮನ್ ಕಿರುಚಿದ. ಹೇಳುವುದಕ್ಕೆ ಅವನ ಹತ್ತಿರ ಇದ್ದದ್ದು ಅದೊಂದೇ ಮಾತು. "ಮೂವತ್ತು ವರ್ಷದಿಂದ ನನ್ನದು! ಕೂಟದ ಪುಸ್ತಕದಲ್ಲಿದೆ! ಆ ಸೀಸ ನನ್ನ ನೋಡಿ ಕಲಿತಿದ್ದೇ ಹೊರತು ನಾನು ಸೀಸ ನೋಡಿ ಕಲಿತಿಲ್ಲ!"

"ನಿಮ್ಮ ಪುಸ್ತಕ ನಿಮ್ಮ ಕೂಟಕ್ಕೆ. ದೊಡ್ಡವರ ಅಪ್ಪಣೆ ಇರೋದು ಸೀಸಕ್ಕೆ."

ಆಗ ಕೊಂಟ್ಸ್ ಕೆಮ್ಮಿ, ಪಾಠ ಒಪ್ಪಿಸುವ ಹಾಗೆ ಹೇಳಿದ: "ಕೂಟದ ಕಟ್ಟಳೆ ಹೀಗಿದೆ ಯಜಮಾನ್ರೇ. ಎರಡು ಕೈ ಒಂದೇ ಥರ ಇದ್ದು ಜನಕ್ಕೆ ಮೋಸ ಆಗೋ ಹಾಗಿದ್ರೆ, ಅಪ್ಪಣೆ ಇಲ್ಲದೋನು ಕೈ ಬದಲಾಯಿಸ್ಕೋಬೇಕು. ಏಳು ವರ್ಷದ ಹಿಂದೆ ಈ ಕಟ್ಟಳೆನ ಓದಿಸಿದ್ದು ಡೀಲ್ಮನ್ನಯ್ಯನವರೇ. ನನಗೆ ಬಾಯಿಪಾಠ ಆಗಿದೆ."

ಯಜಮಾನ ಹಾರ್ಟ್‌ಮುಟ್ ಪಾದ್ರಿಯ ಮುಖ ನೋಡಿದ, ನಮ್ಮೆಲ್ಲರ ಮುಖ ನೋಡಿದ. "ಅದೂ ಸರಿ" ಎಂದ.

ಇದನ್ನು ಹೇಳುವಾಗ ನನಗೆ ಈಗಲೂ ರಕ್ತ ಕುದಿಯುತ್ತದೆ. ಕಳ್ಳತನವಾದ ಮನೆಯವನನ್ನೇ ಹಿಡಿದು, "ನಿನ್ನ ಮನೆ ಕಳ್ಳನ ಮನೆಯ ಹಾಗಿದೆ, ಕೆಡವು" ಎಂದರೆ ಹೇಗಿರುತ್ತದೆ? ಆದರೆ ಅಲ್ಲಿ ಮೂವತ್ತು ಜನ ಇದ್ದೆವು, ಒಬ್ಬನೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನಮ್ಮೆಲ್ಲರ ಕಣ್ಣೂ ಆ ಗಾಣದ ಮೇಲಿತ್ತು, ಮುಂದಿನ ಸಲ ಅದು ಯಾರ ಕೈಯನ್ನು ಕೇಳುತ್ತದೋ ಎಂದು.

ಡೀಲ್ಮನ್ ಮಠದ ಪಾರುಪತ್ಯಗಾರನ ಕಡೆ ತಿರುಗಿದ. "ಸ್ವಾಮೀ, ನೀವಾದ್ರೂ ಹೇಳಿ. ದೊಡ್ಡಮ್ಮನವರು ಈ ಕೈಯೇ ಬೇಕು ಅಂದಿದಾರಲ್ಲ!"

"ಅಂದಿದಾರೆ," ಎಂದ ಪಾರುಪತ್ಯಗಾರ, ಆಗತಾನೇ ಒತ್ತಿದ ಹಾಳೆಯ ಮೇಲಿನ ಬಾಲವನ್ನು ಬೆರಳಿನಿಂದ ಸವರುತ್ತ. "ಅವರು ಕೇಳಿದ್ದು ಕೈನ, ಮನುಷ್ಯನ್ನಲ್ಲ. ವೀಗಾಂಡಯ್ಯಾ, ಕೀರ್ತನೆ ಪುಸ್ತಕ ಎಷ್ಟು ದಿನದಲ್ಲಿ ಕೊಡ್ತೀರಿ? ಒಂದರ ಜೊತೆ ಇನ್ನೂ ನಾಲ್ಕು ಮಠಕ್ಕೂ ಬೇಕಾಗಬಹುದು."

ವೀಗಾಂಡ್ ಕೆಟ್ಟವನಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಡೀಲ್ಮನ್ನನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನೊಂದ್ಕೋಬೇಡಿ ಗುರುಗಳೇ. ಹೇಗೂ ಹೊಸ ಕೈ ಕಲೀತೀರಲ್ಲ. ಅದು ಚೆನ್ನಾಗಿ ಕೂತ ಮೇಲೆ ಬೇರೆ ಯಾರಿಗೂ ಕೊಡಬೇಡಿ, ಮೊದಲು ನನಗೇ ಹೇಳಿ ಕಳಿಸಿ. ಈ ಸಲ ಎರಡು ಹೆಬ್ಬಾತು ಕೊಡ್ತೀನಿ."

ಡೀಲ್ಮನ್ ಏನೋ ಹೇಳಲು ಹೋದ, ಗಂಟಲಿನಿಂದ ಹೆಬ್ಬಾತಿನಂಥದೇ ಒಂದು ಸದ್ದು ಬಂತು, ಅಷ್ಟೇ.

ಪಾದ್ರಿ ಸುಳ್ಳು ಪತ್ರವನ್ನು ಎರಡಾಗಿ ಹರಿದು ನೆಲಕ್ಕೆ ಹಾಕಿದ. ಕೊಂಟ್ಸ್ ಬಗ್ಗಿ, ತನ್ನ ಹೆಸರಿದ್ದ ಚೂರನ್ನು ಹೆಕ್ಕಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಎದೆಯ ಜೇಬಿಗೆ ಸೇರಿಸಿದ್ದನ್ನು ನಾನು ನೋಡಿದೆ. ಅವನ ಹೆಸರನ್ನು ಅಷ್ಟು ಚಂದವಾಗಿ ಯಾರೂ ಎಂದೂ ಬರೆದಿರಲಿಲ್ಲ.

"ಸುಳ್ಳು ಪತ್ರ ಬರೆದಿದ್ದು ಸಣ್ಣ ಪಾಪವಲ್ಲ," ಎಂದ ಪಾದ್ರಿ. "ಆದ್ರೆ ನಾವೇನು ಕಟುಕರಲ್ಲ. ಪಾಪಕ್ಕೆ ಪರಿಹಾರ ಕಣ್ಣೆದುರಿಗೇ ಇದೆ." ಗಾಣದ ಪಕ್ಕದ ರಾಶಿಯಿಂದ ಒಂದು ಹಾಳೆ ಎಳೆದು, ಕೊಂಟ್ಸ್‌ನ ಮುಂದೆ ಇಟ್ಟ. "ಇವನ ಹೆಸರಿಗೆ ಒಂದು ತುಂಬು."

ಡೀಲ್ಮನ್ ಅಭ್ಯಾಸಬಲದಿಂದ ಗರಿಗೆ ಕೈಹಾಕಿದ. "ಹೆಸರಾದ್ರೂ ನಾನೇ..."

"ಯಾವ ಕೈಯಲ್ಲಿ?" ಎಂದ ಪಾದ್ರಿ.

ಕೊಂಟ್ಸ್ ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಒಂದೊಂದೇ ಅಕ್ಷರವನ್ನು ಕೆರೆದು ಕೆರೆದು ಬರೆದ. ನಡುವೆ ಒಂದು ಕಡೆ ಮಸಿ ಚೆಲ್ಲಿ ಹರಡಿತು. ಬರೆದಾದ ಮೇಲೆ ಊದಿ ಆರಿಸಿ, ಎರಡೂ ಕೈಯಿಂದ ಕೊಟ್ಟ. "ಕೈ ಬದಲಾಯಿಸ್ಕೋ ಅಂದಿದ್ಯಲ್ಲ ಮಾರಾಯ. ಬದಲಾಯಿಸ್ಕೊಂಡೆ. ಹೇಗಿದೆ ನೋಡು."

ಡೀಲ್ಮನ್ ಮನೆಗೆ ಬರುವಾಗ ಬಿಸಿಲು ಇನ್ನೂ ಇತ್ತು. ಸಂಜೆ ಗಂಟೆಗೆ ಸಾಕಷ್ಟು ಸಮಯವಿತ್ತು, ಬರೆಯುವುದಕ್ಕೆ ಮಾತ್ರ ಕೈಯಿರಲಿಲ್ಲ. ಬೆಳಗಿನ ಗಂಜಿ ಮೇಜಿನ ಮೇಲೆ ಹಾಗೇ ಕೆನೆಗಟ್ಟಿ ಕೂತಿತ್ತು. ಅವನು ಹಾಳೆಯನ್ನು ಅದರ ಪಕ್ಕದಲ್ಲಿಟ್ಟು ಬೆಂಚಿನ ಮೇಲೆ ಕುಸಿದ.

ನೇಸೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೆಳಗಿನ ಸಿಟ್ಟು ಅವಳಿಗೆ ಇಳಿದಿತ್ತು.

"ಬೆಳಿಗ್ಗೆ ನಾನಲ್ಲ ನಾನಲ್ಲ ಅಂದ್ರಲ್ಲ. ನೋಡಿ, ಇದು ನೀವೇ. ಈ ಬಾಲ ನೀವೇ, ಇದೂ ನೀವೇ, ಸಾಲು ಸಾಲೂ ನೀವೇ. ನನಗೆ ಗೊತ್ತಾಗಲ್ವಾ?" ಎಂದು ಬೆರಳನ್ನು ಹಾಳೆಯ ಉದ್ದಕ್ಕೂ ಓಡಿಸಿದಳು. ನಡುವೆ ಒಂದು ಕಡೆ ಬೆರಳು ನಿಂತಿತು. ಅವಳು ಮೂಗು ಮುರಿದಳು.

"ಥೂ, ಇಲ್ಲೊಂದು ಕಡೆ ಯಾರೋ ಗೀಚಿ ಹಾಳು ಮಾಡಿದಾರೆ. ಏನ್ರೀ ಇದು?"

"ಅದು ನನ್ನ ಹೆಸರು ಕಣೇ," ಎಂದ ಡೀಲ್ಮನ್.